ತಪ್ಪಾದರೂ ಸರಿಯೆನಿಸುವ ಉತ್ತರ

ಫೆಬ್ರವರಿ 9

ಅಮ್ಮ,

ಇವತ್ತು ಬೆಳಿಗ್ಗೆ ನೋಡಿದೆ: ಕಿಟಕಿಯ ಸರಳಿಗೆ ಹಾಕಿದ್ದ ಕಾಲುಚೀಲಗಳಲ್ಲಿ ಒಂದು ಗರಿಗರಿಯಾಗಿ ಒಣಗಿದೆ, ಅದರ ಜೊತೆಯದು ಹಿಂಡಿದರೆ ನೀರು ಬರುವಷ್ಟು ಒದ್ದೆ. ಈ ಕೋಣೆಗೆ ಬಿಸಿಲು ಬರುವುದು ಅರ್ಧ ಕಿಟಕಿಗೆ ಮಾತ್ರ. ಒಂದು ಕಾಲಿಗೆ ಒಣಗಿದ್ದು, ಇನ್ನೊಂದಕ್ಕೆ ಒದ್ದೆಯದು ಹಾಕಿಕೊಂಡು ಕೂತು ನಿನಗೆ ಬರೆಯುತ್ತಿದ್ದೇನೆ.

ಮೊನ್ನೆ ಫೋನಿನಲ್ಲಿ "ಅಳೋದಾದ್ರೆ ಇಡು, ಏನಾದ್ರೂ ಹೇಳೋದಿದ್ರೆ ಬರಿ" ಅಂದೆಯಲ್ಲ, ನೀನು ಹೇಳಿದ್ದು ಸರಿ. ಬರೆಯುವಾಗ ನನ್ನ ನಾಲಿಗೆ ತೊಡರುವುದಿಲ್ಲ.

ಕೆಲಸ ಸಿಕ್ಕಿದೆ. ಕೋಣೆಯಲ್ಲೇ ಕೂತು ಬೇರೆಯವರ ಬರಹ ತಿದ್ದುವುದು. ಯಾರಿಗೆ, ಏನು ಅಂತ ಹೊರಗೆ ಹೇಳುವಂತಿಲ್ಲ, ಸಹಿ ಹಾಕಿಸಿಕೊಂಡಿದ್ದಾರೆ. ಕೆಳಗಿನ ಮನೆಯೊಡತಿಗೆ ನನ್ನ ಮೇಲೆ ಬಲು ಅನುಮಾನ. ನಿನ್ನೆ ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದರು.

"ಇಡೀ ದಿನ ಬಾಗಿಲು ಹಾಕ್ಕೊಂಡು ಏನಮ್ಮ ಮಾಡ್ತೀಯ?"

"ಓದ್ತೀನಿ ಆಂಟಿ."

"ಓದಿ?"

"ಚೆನ್ನಾಗಿದೆಯೋ ಇಲ್ಲವೋ ಹೇಳ್ತೀನಿ."

"ಅದಕ್ಕೆ ದುಡ್ಡು ಬೇರೆ ಕೊಡ್ತಾರಾ? ನಮ್ಮ ಯಜಮಾನ್ರು ಊಟಕ್ಕೆ ಕೂತಾಗ ಅದನ್ನೇ ಬಿಟ್ಟಿ ಮಾಡ್ತಾರೆ!"

ನೀನು ಹೇಗಿದ್ದೀಯ? ಯಂತ್ರಕ್ಕೆ ಪಾಠ ಹೇಳುವುದು ಹೇಗೆ ನಡೆದಿದೆ? ಅದಕ್ಕೆ ಏನು ಕಲಿಸುತ್ತೀಯ, ಹೇಗೆ ಕಲಿಸುತ್ತೀಯ ಅಂತ ಒಮ್ಮೆಯೂ ಹೇಳಿಲ್ಲ. ನನಗೆ ಅರ್ಥವಾಗುವ ಹಾಗೆ ಬರೆ.

ನಿನ್ನ
ಮೂಗಿ


ಫೆಬ್ರವರಿ 12

ಮೂಗಿಗೆ,

ನಿನ್ನ ಪತ್ರಕ್ಕೆ ಅಂಕ ಹಾಕಿದ್ದೇನೆ. ಇಲ್ಲಿ ದಿನವಿಡೀ ನನಗೆ ಅದೇ ರೂಢಿ. ಯಂತ್ರ ಕೊಟ್ಟ ಉತ್ತರಕ್ಕೆ ಐದರಲ್ಲಿ ಎಷ್ಟು ಅಂತ ಹಾಕಿ, ಯಾಕೆ ಅಂತ ಬರೆಯಬೇಕು. ನಿನಗೂ ಹಾಗೇ.

ಸತ್ಯ: ನಾಲ್ಕು. "ನೀನು ಹೇಳಿದ್ದು ಸರಿ" ಅಂದಿದ್ದೀಯ, ಅದನ್ನು ನೀನು ನಂಬಿಲ್ಲ. ಒಂದು ಕಡಿತ.

ಪ್ರಯೋಜನ: ಎರಡು. ಬಿಸಿಲು ಬರುವ ಕಡೆ ಕಾಲುಚೀಲ ಎರಡನ್ನೂ ಹಾಕು. ಇದಕ್ಕೆ ಪತ್ರ ಬೇಕಿರಲಿಲ್ಲ.

ಸಂಕ್ಷಿಪ್ತತೆ: ಎರಡು. ಮನೆಯೊಡತಿಯ ಮಾತಿಗೆ ಬೇಕಾದರೆ ನಾಲ್ಕು ಕೊಡುತ್ತೇನೆ. ನಿನಗಿಂತ ಚುರುಕಾಗಿದ್ದಾಳೆ.

ನನ್ನ ಕೆಲಸ ಕೇಳಿದ್ದೀಯ. ಜೀವರಸಾಯನದಲ್ಲಿ ಒಂದು ಪ್ರಶ್ನೆ ನಾನೇ ಹಾಕಬೇಕು. ಅದಕ್ಕೆ ಸರಿಯುತ್ತರ ಒಂದು ಬರೆಯಬೇಕು. ಆಮೇಲೆ, ತಪ್ಪಾದರೂ ಸರಿಯೆನಿಸುವ ಉತ್ತರ ಒಂದು. ಈ ಎರಡನೆಯದನ್ನು ನೋಡಿ ಯಂತ್ರ ಯಾವುದನ್ನು ನಂಬಬಾರದು ಅಂತ ಕಲಿಯುತ್ತದೆ. ಕಷ್ಟವಿರುವುದು ಅದರಲ್ಲೇ. ದಡ್ಡ ತಪ್ಪು ಯಾರು ಬೇಕಾದರೂ ಬರೆಯುತ್ತಾರೆ. ತಿಳಿದವರೇ ಎಡವಿ ಬೀಳುವಂಥ ತಪ್ಪನ್ನು ತಿಳಿದವರೇ ಬರೆಯಬೇಕು. ನನಗೆ ಅದು ಚೆನ್ನಾಗಿ ಕೈಹತ್ತಿದೆ.

ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಮೇಜು ತೆಗೆದು ಹೊಸ ಯಂತ್ರ ತಂದಿಟ್ಟ ದಿನದಿಂದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಪಕ್ಕದ ಮನೆಯವರು ನೀರು ಯಾವಾಗ ಬರುತ್ತೆ ಅಂತ ಕೇಳುತ್ತಿದ್ದರು, ಅಷ್ಟೇ. ಈಗ ಕೇಳುವವರಿದ್ದಾರೆ. ಮನೆಯಲ್ಲೇ ಆದರೂ ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡೇ ಕೂರುತ್ತೇನೆ. ಇದೂ ಹೋದರೆ ನಾನು ಬರೀ ಒಬ್ಬ ಮುದುಕಿ.

ತಿದ್ದುವ ಕೆಲಸ ನಿನಗೆ ಸರಿಹೊಂದುತ್ತದೆ. ಸ್ವಂತ ಬರೆಯಲಾಗದವರಿಗೆ ಒಳ್ಳೆಯದು.

ಅಮ್ಮ


ಮಾರ್ಚ್ 3
(ಕಳಿಸಲಿಲ್ಲ)

ಅಮ್ಮ,

ಇವತ್ತು ನೀನು ನನ್ನ ಮುಂದೆ ಬಂದೆ.

ನನ್ನ ಕೆಲಸ ಏನು ಅಂತ ಇಲ್ಲಾದರೂ ಹೇಳುತ್ತೇನೆ. ಯಂತ್ರಕ್ಕಾಗಿ ತಜ್ಞರು ನಮ್ಮ ಭಾಷೆಯಲ್ಲಿ ಬರೆದ ಪ್ರಶ್ನೋತ್ತರಗಳನ್ನು ಓದಿ, ವಾಕ್ಯ ನೆಟ್ಟಗಿದೆಯೇ, ಓದಿದವರಿಗೆ ತಿಳಿಯುತ್ತದೆಯೇ ಅಂತ ನೋಡುವುದು. ವಿಜ್ಞಾನ ಸರಿಯೋ ತಪ್ಪೋ ನಮ್ಮ ಜವಾಬ್ದಾರಿಯಲ್ಲ. ತಜ್ಞರ ಹೆಸರು ನಮಗೆ ಕಾಣುವುದಿಲ್ಲ, ನಮ್ಮದು ಅವರಿಗೆ ಕಾಣುವುದಿಲ್ಲ. ನೀನು ಮಾಡುವಂಥ ಕೆಲಸದ ಇನ್ನೊಂದು ತುದಿ ಇದು ಅಂತ ನನಗೆ ಗೊತ್ತಿತ್ತು. ಆದರೆ ನೀನೇ ಸಿಗುತ್ತೀಯ ಅಂತ ಅಂದುಕೊಂಡಿರಲಿಲ್ಲ. ನಮ್ಮ ಭಾಷೆಯಲ್ಲಿ ಇದನ್ನು ಬರೆಯುವವರು ಬೆರಳೆಣಿಕೆಯಷ್ಟು ಜನ ಅನ್ನುವುದು ನನಗೆ ಹೊಳೆಯಬೇಕಿತ್ತು.

ಕಿಣ್ವದ ಕೆಲಸ ತಡೆಯುವ ಅಣುವಿಗೆ ಪುಸ್ತಕಗಳಲ್ಲಿ 'ಪ್ರತಿಬಂಧಕ' ಅಂತಿದೆ. 'ಅಡ್ಡಗಾಲು' ಅಂತ ಕರೆಯುವವರನ್ನು ನಾನು ಜಗತ್ತಿನಲ್ಲಿ ಒಬ್ಬರನ್ನೇ ಬಲ್ಲೆ. ನನ್ನ ಶಾಲೆಯ ದಿನಗಳಲ್ಲಿ ಊಟದ ಮೇಜಿನ ಮೇಲೆ ಲೋಟ ಬಟ್ಟಲು ಜರುಗಿಸಿ ಇದನ್ನು ತೋರಿಸಿಕೊಟ್ಟವಳು ನೀನು. ಇವತ್ತು ಪರದೆಯ ಮೇಲೆ ಹೀಗಿತ್ತು:

"ಕಿಣ್ವವನ್ನು ಒಂದು ಕುರ್ಚಿ ಅಂದುಕೊಳ್ಳಿ. ತಕ್ಕ ಅಣು ಬಂದು ಕೂತರೆ ಕೆಲಸವಾಗುತ್ತದೆ. ಅಡ್ಡಗಾಲು ಅಣು ನೋಡಲು ಅದರ ಹಾಗೇ ಇರುತ್ತದೆ. ಬಂದು ಕೂರುತ್ತದೆ. ತಾನೂ ಏನೂ ಮಾಡುವುದಿಲ್ಲ, ಬೇರೆಯವರಿಗೂ ಜಾಗ ಬಿಡುವುದಿಲ್ಲ. ಓದು ಮುಗಿಸಿ ಮನೆಯಲ್ಲಿ ಕೂತ ಮಗಳ ಹಾಗೆ."

ಓದಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಮತ್ತೆ ಓದಿದೆ. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಓದಿದ್ದರಲ್ಲೆಲ್ಲ ಇಷ್ಟು ತಿಳಿಯಾದ ಬರಹ ಇನ್ನೊಂದಿಲ್ಲ.

ಮೂಗಿ


ಮಾರ್ಚ್ 3

ತಜ್ಞರೇ,

ವಿವರಣೆ ಬಹಳ ತಿಳಿಯಾಗಿದೆ. ಸ್ಪಷ್ಟತೆ: ಐದು. ಒಂದು ಸಲಹೆ ಮಾತ್ರ. ಕೊನೆಯ ವಾಕ್ಯದಲ್ಲಿ 'ಮಗಳ ಹಾಗೆ' ಎನ್ನುವ ಬದಲು 'ಒಬ್ಬರ ಹಾಗೆ' ಎಂದರೆ ಸಾಲದೇ?

ಪರೀಕ್ಷಕರು


ಮಾರ್ಚ್ 4

ಪರೀಕ್ಷಕರೇ,

ಸಾಲದು. 'ಒಬ್ಬರು' ಅಂದರೆ ಯಾರ ಕಣ್ಣಿಗೂ ಏನೂ ಕಟ್ಟುವುದಿಲ್ಲ. ನಾನು ಕಂಡದ್ದನ್ನು ಬರೆದಿದ್ದೇನೆ. ಮಗಳೇ ಇರಲಿ.

ಆದರೆ ಮೂರನೆಯ ಪ್ರಶ್ನೆಯಲ್ಲಿ ನೀವು ಒಡೆದು ಬರೆದ ಎರಡು ವಾಕ್ಯಗಳು ನನ್ನ ಒಂದು ಉದ್ದ ವಾಕ್ಯಕ್ಕಿಂತ ಚೆನ್ನಾಗಿವೆ. ಹಾಗೇ ಉಳಿಸಿಕೊಂಡಿದ್ದೇನೆ. ಇದಕ್ಕೆ ಮುಂಚೆ ಇದ್ದ ಪರೀಕ್ಷಕರಿಗೆ ಕಿಣ್ವಕ್ಕೂ ಕಾಗೆಗೂ ವ್ಯತ್ಯಾಸ ಗೊತ್ತಿರಲಿಲ್ಲ.

ತಜ್ಞರು


ಮಾರ್ಚ್ 20

ಮೂಗಿಗೆ,

ನೀನು ಬರೆಯದೆ ಐದು ವಾರ ದಾಟಿತು. ಇದಕ್ಕೂ ಅಂಕ ಕೊಡಬಹುದು, ಸಂಕ್ಷಿಪ್ತತೆ ಐದು.

ಇಲ್ಲಿ ಒಂದು ಒಳ್ಳೆಯದಾಗಿದೆ. ನನ್ನ ಬರಹ ನೋಡುವುದಕ್ಕೆ ಹೊಸ ಪರೀಕ್ಷಕರು ಬಂದಿದ್ದಾರೆ. ಹೆಸರು ತಿಳಿಯುವುದಿಲ್ಲ, ಆದರೆ ಯಾರೋ ನಿವೃತ್ತ ಮೇಷ್ಟ್ರಿರಬೇಕು. ಹಿರಿಯರು. ಹದವಾಗಿ ಮಾತಾಡುತ್ತಾರೆ. ತಿದ್ದಿದ್ದಕ್ಕೆ ಯಾಕೆ ತಿದ್ದಿದೆ ಅಂತ ಹೇಳುತ್ತಾರೆ. ನಾನು ಗದರಿದರೂ ಬಾಲ ಮುದುರುವುದಿಲ್ಲ, ಅಲ್ಲಾಡಿಸುವುದೂ ಇಲ್ಲ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನು ಬರೆದದ್ದನ್ನು ಕೊನೆಯ ಸಾಲಿನವರೆಗೆ ಓದಿದ ಮೊದಲನೆಯವರು ಇವರು. ನಿನ್ನ ಅಪ್ಪ ನನ್ನ ಪ್ರಬಂಧದ ಅರ್ಪಣೆ ಓದಿ ಕಣ್ಣೊರೆಸಿಕೊಂಡು ಮಡಿಚಿಟ್ಟರು. ನೀನು ಅಷ್ಟೂ ಓದಲಿಲ್ಲ.

ನೀನೂ ಭಾಷೆಯನ್ನೇ ಓದಿದವಳು. ಇವರ ಟಿಪ್ಪಣಿ ನೋಡಿದರೆ ನಿನಗೆ ನಾಚಿಕೆಯಾಗುತ್ತದೆ.

ಒಂದು ಕಿರಿಕಿರಿ: ವಿಜ್ಞಾನ ನೋಡುವವರ ಜೊತೆ ಎರಡು ಸಲ ಜಗಳವಾಡಿದ್ದಕ್ಕೆ ನನಗೆ ಎರಡು ಕೆಂಪು ಗುರುತು ಬಿದ್ದಿವೆ. ಮೂರಾದರೆ ಹೊರಗೆ. ಬೀಳುವುದಿಲ್ಲ. ಇನ್ನು ಬಾಯಿ ಕಟ್ಟಿಕೊಂಡಿರುತ್ತೇನೆ.

ಅಮ್ಮ


ಏಪ್ರಿಲ್ 6

ಅಮ್ಮ,

ಬರೆಯಲಿಲ್ಲ, ತಪ್ಪಾಯಿತು. ಈ ಸಲ ಚಿಕ್ಕದಾಗಿ ಬರೆಯುತ್ತೇನೆ.

ನಾಲ್ಕು ದಿನ ಮನೆಗೆ ಬರಲೇ? ನನ್ನ ಕೆಲಸ ಎಲ್ಲಿ ಕೂತರೂ ಆಗುತ್ತದೆ. ನೀನು ಕೂರುವ ಮೇಜಿನ ಹತ್ತಿರ ಬರುವುದಿಲ್ಲ, ಒಳಕೋಣೆಯಲ್ಲಿ ಕೂರುತ್ತೇನೆ. ನಿನ್ನ ಹತ್ತಿರ ಒಂದು ವಿಷಯ ಹೇಳುವುದಿದೆ. ಹೇಳಿದರೆ ನಗುತ್ತೀಯ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಎದುರಿಗೇ ಹೇಳಬೇಕು.

ಮೂಗಿ


ಏಪ್ರಿಲ್ 9

ಮೂಗಿಗೆ,

ಸತ್ಯ: ಐದು. ಪ್ರಯೋಜನ: ಸೊನ್ನೆ. 'ಒಂದು ವಿಷಯ' ಅಂತ ಬರೆದು ವಿಷಯ ಬರೆಯದಿರುವುದು ಓದುವವರಿಗೆ ಮಾಡುವ ಅವಮಾನ.

ಬರಬೇಡ. ನೀನು ಬಂದರೆ ಮನೆಯಲ್ಲಿ ಶಬ್ದವೇ ಇರುವುದಿಲ್ಲ. ನೀನು ನಡೆಯುವುದೂ ಕೇಳುವುದಿಲ್ಲ, ತಿನ್ನುವುದೂ ಕೇಳುವುದಿಲ್ಲ. ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿ ನನಗೆ ಒಂದು ಸಾಲು ಬರೆಯಲಾಗುವುದಿಲ್ಲ. ಈಗ ರಕ್ತಪರೀಕ್ಷೆಯ ಪ್ರಶ್ನೆಗಳು ಬಂದಿವೆ. ಆಸ್ಪತ್ರೆಗಳಲ್ಲಿ ಹೊಸ ವೈದ್ಯರು ಕೇಳಿದಾಗ ಯಂತ್ರ ಹೇಳಬೇಕಾದ ಉತ್ತರಗಳು. ಇದು ನನ್ನ ಮನೆಯಂಗಳ. ಚೆನ್ನಾಗಿ ಮಾಡಬೇಕು.

ನಿನ್ನೆ ಯೋಚಿಸುತ್ತಿದ್ದೆ. ಆ ಮೇಷ್ಟ್ರಂಥವರು ಒಬ್ಬರು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಿದ್ದರೆ ಮನೆಯಲ್ಲಿ ಮಾತಾಡಲು ಜನ ಇರುತ್ತಿದ್ದರು ಅಂತ. ಇದನ್ನು ನಿನಗೆ ನೋವಾಗಲಿ ಅಂತ ಬರೆದಿಲ್ಲ. ಅನ್ನಿಸಿತು, ಬರೆದೆ.

ಅಮ್ಮ


ಏಪ್ರಿಲ್ 22

ತಜ್ಞರೇ,

ಪೊಟ್ಯಾಸಿಯಂ ಕುರಿತ ಪ್ರಶ್ನೆಯನ್ನು ಹಿಂದಿರುಗಿಸುತ್ತಿದ್ದೇನೆ. ಭಾಷೆಯಲ್ಲಿ ತಪ್ಪೇನೂ ಇಲ್ಲ. ಆದರೂ ಸರಿಯುತ್ತರ ಮತ್ತು ತಪ್ಪುತ್ತರಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡುವಿರಾ?

ಪರೀಕ್ಷಕರು


ಏಪ್ರಿಲ್ 22

ಪರೀಕ್ಷಕರೇ,

ನಿಮ್ಮ ಮೇಲೆ ನನಗೆ ಗೌರವವಿದೆ, ಆದ್ದರಿಂದ ಮೆತ್ತಗೆ ಹೇಳುತ್ತೇನೆ. ಲ್ಯಾಬಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ವಿಜ್ಞಾನ ನನ್ನದು, ಅಲ್ಪವಿರಾಮ ನಿಮ್ಮದು. ಓದುವ ಅಗತ್ಯವಿಲ್ಲ. ಹಾಗೇ ಕಳಿಸುತ್ತಿದ್ದೇನೆ.

ತಜ್ಞರು


ಏಪ್ರಿಲ್ 23
(ಕಳಿಸಲಿಲ್ಲ)

ಅಮ್ಮ,

ಪ್ರಶ್ನೆ ಇದು: ಸಿರಿಂಜಿನಲ್ಲಿ ಎಳೆಯುವಾಗ ಕೆಂಪುಕಣಗಳು ಒಡೆದುಹೋದ ರಕ್ತದಲ್ಲಿ ಪೊಟ್ಯಾಸಿಯಂ ಅಳೆದರೆ ಏನಾಗುತ್ತದೆ?

'ಸರಿಯುತ್ತರ' ಎಂಬ ಚೌಕದಲ್ಲಿ ನೀನು ಬರೆದದ್ದು: "ಒಡೆದ ಕಣಗಳೊಳಗಿನ ದ್ರವವು ಹೊರಗೆ ಹರಿದು ಇಡೀ ಮಾದರಿಯನ್ನು ತೆಳುವಾಗಿಸುವುದರಿಂದ, ಪೊಟ್ಯಾಸಿಯಂ ನಿಸ್ಸಂದೇಹವಾಗಿ ಇರುವುದಕ್ಕಿಂತ ಕಡಿಮೆಯಾಗಿಯೇ ಕಂಡುಬರುತ್ತದೆ."

'ತಪ್ಪುತ್ತರ' ಎಂಬ ಚೌಕದಲ್ಲಿ: "ಹೆಚ್ಚು ತೋರಿಸುತ್ತದೆ. ಪೊಟ್ಯಾಸಿಯಂ ಇರುವುದೇ ಕಣದೊಳಗೆ. ಒಡೆದರೆ ಹೊರಗೆ ಬೀಳುತ್ತದೆ. ಆ ರಕ್ತ ಚೆಲ್ಲಿ. ಹೊಸದಾಗಿ ತೆಗೆಯಿರಿ."

ನನಗೆ ಪೊಟ್ಯಾಸಿಯಂ ಗೊತ್ತಿಲ್ಲ. ನಿನ್ನನ್ನು ಬಲ್ಲೆ. ನಿಜ ಹೇಳುವಾಗ ನಿನ್ನ ವಾಕ್ಯಕ್ಕೆ ಬಾಲವೇ ಇರುವುದಿಲ್ಲ. ಸುಳ್ಳು ಹೇಳುವಾಗ ಮಾತ್ರ ನೀನು ಚೆಂದ ಮಾತಾಡುತ್ತೀಯ. ಅಪ್ಪನ ರಕ್ತದ ವರದಿ ಕೈಯಲ್ಲಿ ಹಿಡಿದುಕೊಂಡು ನೀನು ನನಗೆ ಹೇಳಿದ್ದು ಹೀಗೆ: "ನೀನು ನೆಮ್ಮದಿಯಾಗಿ ಹೋಗಿ ಪರೀಕ್ಷೆ ಬರೆದು ಬಾ, ನಿಸ್ಸಂದೇಹವಾಗಿ ನೀನು ಬರುವಷ್ಟರಲ್ಲಿ ಅವರು ಎದ್ದು ಕೂತಿರುತ್ತಾರೆ." ನಾನು ಹೋಗಿ ಪರೀಕ್ಷೆ ಬರೆದೆ. ಬರುವಷ್ಟರಲ್ಲಿ ಅವರನ್ನು ಮಲಗಿಸಿದ್ದ ಮಂಚವನ್ನೂ ಮಡಿಚಿಟ್ಟಾಗಿತ್ತು. ಆವತ್ತಿನಿಂದ 'ನಿಸ್ಸಂದೇಹವಾಗಿ' ಅನ್ನುವ ಪದ ಕಂಡರೆ ಆ ವಾಕ್ಯವನ್ನು ಎರಡನೆಯ ಸಲ ಓದುತ್ತೇನೆ.

ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆಗೆದು ನೋಡಿದೆ. ಹೌದು, ಎರಡೂ ಅದಲುಬದಲಾಗಿವೆ. ಹೇಗಾಯಿತು ಅನ್ನುವುದೂ ನನಗೆ ಕಾಣುತ್ತದೆ. ಸುಳ್ಳನ್ನು ನಿಜದಂತೆ ಮಾಡಲು ಅದಕ್ಕೆ ಅಷ್ಟು ಹೊತ್ತು ನುಣುಪು ಕೊಟ್ಟಿದ್ದೀಯ. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟಾಗ ನಿನ್ನ ಕಣ್ಣಿಗೇ ಅದು ಸರಿಯಾಗಿ ಕಂಡಿದೆ.

ವಿಜ್ಞಾನ ನೋಡುವವರ ಕಣ್ಣಿಗೆ ಬೀಳುವುದು ಹತ್ತರಲ್ಲಿ ಒಂದು ಮಾತ್ರ. ಇದು ಹೀಗೇ ಹೋದರೆ ಎಲ್ಲೋ ಒಂದು ವಾರ್ಡಿನಲ್ಲಿ ಯಾರೋ ಹೊಸ ಡಾಕ್ಟರು ಕೇಳುತ್ತಾರೆ, ಯಂತ್ರ ನಿನ್ನ ಚೆಂದದ ವಾಕ್ಯ ಹೇಳುತ್ತದೆ. ತಪ್ಪಿದೆ ಅಂತ ನಾನು ಬರೆದು ಕೊಟ್ಟರೆ ನಿನಗೆ ಮೂರನೆಯ ಕೆಂಪು ಗುರುತು.

ನಿನಗೆ ಫೋನ್ ಮಾಡಬಹುದಿತ್ತು. "ಅಮ್ಮ, ನಾನು ಕಣೆ ಆ ಮೇಷ್ಟ್ರು, ಅದನ್ನ ತಿದ್ದು" ಅಂದಿದ್ದರೆ ಒಂದು ನಿಮಿಷದ ಕೆಲಸ. ಫೋನ್ ಕೈಗೆ ತೆಗೆದುಕೊಂಡೆ, ನಿನ್ನ ಹೆಸರು ಒತ್ತಲಿಲ್ಲ. ಪರದೆ ತೆರೆದು ಕೆಂಪು ಗುರುತು ಹಾಕಿದೆ. ಹಾಕಿದ್ದು ಪೊಟ್ಯಾಸಿಯಂಗೋ, ಆ ಕುರ್ಚಿಯಲ್ಲಿ ಕೂತ ಮಗಳಿಗೋ, ನನಗೇ ಸರಿಯಾಗಿ ಗೊತ್ತಿಲ್ಲ.

ಮೂಗಿ


ಮೇ 2

ಮೂಗಿಗೆ,

ನನ್ನನ್ನು ತೆಗೆದುಹಾಕಿದ್ದಾರೆ. ಬೆಳಿಗ್ಗೆ ಕೂತೆ, ಕೆಲಸದ ಪುಟದ ಬಾಗಿಲು ತೆರೆಯಲಿಲ್ಲ. ಪರದೆಯ ಮೇಲೆ "ನಿಮ್ಮ ಕೊಡುಗೆಗೆ ಧನ್ಯವಾದಗಳು" ಅಂತ ಒಂದೇ ಸಾಲು. ಆ ಸಾಲಿಗೆ ಐದರಲ್ಲಿ ಸೊನ್ನೆ.

ಆಮೇಲೆ ಬಂದ ಮೇಲ್ ನೋಡಿದರೆ, ಕತ್ತು ಕೊಯ್ದವರು ಮೇಷ್ಟ್ರು. ಆದರೆ ಸರಿಯಾಗೇ ಕೊಯ್ದಿದ್ದಾರೆ. ಪೊಟ್ಯಾಸಿಯಂ ಉತ್ತರವನ್ನು ತಿರುಗುಮುರುಗು ಹಾಕಿದ್ದೇನೆ, ನಾನು! ಲ್ಯಾಬಿಗೆ ಸೇರಿದ ಮೊದಲ ವಾರ ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದ ಪಾಠ. ಓದಿ ನೋಡಿ ಅಂತ ಎಚ್ಚರಿಸಿದ್ದರು ಬೇರೆ. ಪಕ್ಕದ ಮನೆಯವಳು ಬಂದು, "ಏನ್ರೀ, ಇವತ್ತು ಆಫೀಸು ರಜಾನಾ?" ಅಂದಳು. ನಾನು ಹೌದು ಅಂದೆ. ಇಸ್ತ್ರಿ ಬಟ್ಟೆಯಲ್ಲೇ ಕೂತಿದ್ದೆ.

ಇನ್ನೂ ಒಂದು ದಾರಿಯಿದೆ. ಮನವಿ ಹಾಕಬಹುದು. ಗುರುತು ಹಾಕಿದ ಪರೀಕ್ಷಕರು ಒಪ್ಪಿದರೆ ವಾಪಸ್ ತೆಗೆದುಕೊಳ್ಳುತ್ತಾರೆ, ಇಲ್ಲದಿದ್ದರೆ ಇಲ್ಲ. ನಾನು ಬರೆದರೆ ಜಗಳದ ಹಾಗೆ ಕೇಳುತ್ತದೆ. ಎಷ್ಟು ಸಲ ಬರೆದರೂ ಹಾಗೇ ಆಗುತ್ತಿದೆ. ನಿನಗೆ ಬೇರೇನೂ ಬರದಿದ್ದರೂ ಬೇಡಿಕೊಳ್ಳುವ ಧಾಟಿ ಹುಟ್ಟಿನಿಂದ ಬಂದಿದೆ. ಮೇಷ್ಟ್ರಿಗೆ ನನ್ನ ಪರವಾಗಿ ಒಂದು ಮನವಿ ಬರೆದುಕೊಡು. ಗೋಳು ಬೇಡ. ಅವರು ಗೋಳಿಗೆ ಕರಗುವವರಲ್ಲ.

ಬೇಗ.

ಅಮ್ಮ


ಮೇ 5

ಅಮ್ಮ,

ಬರೆದಿದ್ದೇನೆ. ಇದು ಸಾಕೇ ನೋಡು:

"ಪರೀಕ್ಷಕರೇ, ತಪ್ಪು ನನ್ನದು. ಸುಳ್ಳನ್ನು ನಿಜಕ್ಕಿಂತ ಹೆಚ್ಚು ಕಾಳಜಿಯಿಂದ ಬರೆದೆ, ಅದೇ ನನ್ನ ಕಣ್ಣಿಗೆ ನಿಜವಾಗಿ ಕಂಡಿತು. ನೀವು ಎಚ್ಚರಿಸಿದಿರಿ, ನಾನು ಕೇಳಲಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೂ ಇದನ್ನೇ ಮಾಡುತ್ತಿದ್ದೆ. ಇನ್ನು ಮುಂದೆ ಎರಡೂ ಉತ್ತರಗಳನ್ನು ಒಂದು ದಿನ ಬಿಟ್ಟು ಓದಿಯೇ ಕಳಿಸುತ್ತೇನೆ. ನನ್ನನ್ನು ಮತ್ತೆ ಕೂರಲು ಬಿಡಿ."

ಕೊನೆಯಲ್ಲಿ ನಿನ್ನ ಬಗ್ಗೆ ಎರಡು ಸಾಲು ಇದ್ದರೆ ಒಳ್ಳೆಯದು. ಮನೆಯಲ್ಲಿ ಯಾರಿದ್ದಾರೆ, ಈ ಕೆಲಸ ನಿನಗೆ ಏನು ಅಂತ. ಅದನ್ನು ನಾನು ಬರೆದರೆ ಚೆನ್ನಾಗಿರುವುದಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೇನೆ. ನೀನೇ ತುಂಬು.

ಮೂಗಿ


ಮೇ 7

ಮೂಗಿಗೆ,

ಸತ್ಯ: ಐದು. ಪ್ರಯೋಜನ: ಐದು. ಸಂಕ್ಷಿಪ್ತತೆ: ಐದು.

ನಿನಗೆ ಇದು ಮೊದಲ ಸಲ. ನನ್ನೊಳಗೆ ಏನಿದೆ ಅಂತ ನಿನಗೆ ಹೇಗೆ ಗೊತ್ತಾಯಿತೋ ಕಾಣೆ. ಒಂದಕ್ಷರ ಮುಟ್ಟಿಲ್ಲ. ಖಾಲಿ ಜಾಗ ತುಂಬಿ ಕಳಿಸಿದ್ದೇನೆ.

ಇನ್ನು ಉತ್ತರ ಬರುವವರೆಗೆ ನೀನು ಬರೆಯಬೇಡ. ಮೇಲ್ ಬಂದ ಸದ್ದಾದರೆ ಮೇಷ್ಟ್ರದೇನೋ ಅಂತ ಎದ್ದು ಓಡಿಹೋಗುತ್ತೇನೆ. ನೋಡಿದರೆ ನಿನ್ನದಿರುತ್ತದೆ.

ಅಮ್ಮ


ಮೇ 10
(ಕಳಿಸುವುದಿಲ್ಲ)

ಅಮ್ಮ,

ನಿನ್ನ ಮನವಿ ಬಂತು. ಮೇಲಿನದೆಲ್ಲ ನನ್ನ ಮಾತುಗಳೇ. ಓದುತ್ತಾ ಹೋದೆ, ಖಾಲಿ ಬಿಟ್ಟಿದ್ದ ಕಡೆ ತಲುಪಿದೆ. ನೀನು ತುಂಬಿದ್ದು ಇಷ್ಟು:

"ನನಗೆ ಈ ಕೆಲಸ ಬಿಟ್ಟರೆ ಯಾರೂ ಇಲ್ಲ. ಒಬ್ಬಳು ಮಗಳಿದ್ದಳು."

ಇಂಥದ್ದನ್ನು ಹಿಡಿಯುವುದಕ್ಕೇ ನನ್ನನ್ನು ಇಲ್ಲಿ ಕೂರಿಸಿರುವುದು. 'ಇದ್ದಳು' ಎಂಬುದರ ಕೆಳಗೆ ಗೆರೆ ಎಳೆದೆ. "ಮಗಳು ಬದುಕಿದ್ದರೆ 'ಇದ್ದಾಳೆ' ಎಂದಾಗಬೇಕು, ಪರಿಶೀಲಿಸಿ" ಅಂತ ಪಕ್ಕದಲ್ಲಿ ಬರೆದೆ. ಹಿಂದಿರುಗಿಸಿದರೆ ನೀನು ಏನು ಬರೆಯುತ್ತೀಯ ಅಂತ ಯೋಚಿಸಿದೆ. 'ಪರೀಕ್ಷಕರೇ, ಮಗಳು ನನ್ನದು, ಅಲ್ಪವಿರಾಮ ನಿಮ್ಮದು' ಅನ್ನುತ್ತೀಯೋ ಏನೋ. ನಗು ಬಂತು. ಮಧ್ಯಾಹ್ನವೆಲ್ಲ ಆ ಪದದ ಮುಂದೆ ಕೂತಿದ್ದೆ. ಮನೆಯೊಡತಿ ಬಾಗಿಲು ತಟ್ಟಿ, "ಏನಮ್ಮ, ಇವತ್ತು ಚೆನ್ನಾಗಿದೆಯೋ ಇಲ್ಲವೋ?" ಅಂದರು. ಚೆನ್ನಾಗಿದೆ ಆಂಟಿ ಅಂದೆ.

ಆಮೇಲೆ ಗೆರೆ ಅಳಿಸಿದೆ. ಪಕ್ಕದ ಬರಹವನ್ನೂ ಅಳಿಸಿದೆ.

ನಾಳೆ ಬೆಳಿಗ್ಗೆ ನಿನ್ನ ಬಾಗಿಲು ತೆರೆಯುತ್ತದೆ. ನಿನ್ನ ಮೇಷ್ಟ್ರು ಅಲ್ಲೇ ಇರುತ್ತಾರೆ. ನೀನು ಬರೆದದ್ದನ್ನೆಲ್ಲ ಕೊನೆಯ ಸಾಲಿನವರೆಗೆ ಓದುತ್ತಾರೆ, ಯಾಕೆ ತಿದ್ದಿದೆ ಅಂತ ಹೇಳುತ್ತಾರೆ, ಗದರಿದರೆ ಸುಮ್ಮನಿರುತ್ತಾರೆ. ಇನ್ನು ನಿನಗೆ ಪತ್ರ ಬರುವುದು ಅವರಿಂದ ಮಾತ್ರ.


ಮೇ 10

ತಜ್ಞರೇ,

ನಿಮ್ಮ ಮನವಿಯನ್ನು ಒಪ್ಪಿದ್ದೇನೆ. ಪೂರ್ತಿ ಓದಿದೆ. ಭಾಷಾದೋಷ ಯಾವುದೂ ಇಲ್ಲ.

ಪರೀಕ್ಷಕರು